ಒಂದೇ ಗೂಡಿಗೆ ಮೂವರು ಕಳ್ಳರು: ಹಿತ್ತಲ ಕೋಳಿಗಳ ಮೇಲಿನ ದಾಳಿಯ ಪ್ರಕರಣ ಅಧ್ಯಯನ

ಬೆಳಗ್ಗೆ ಗೂಡಿನ ಬಾಗಿಲು ತೆರೆದಾಗ ಕೋಳಿಗಳು ಸತ್ತು ಬಿದ್ದಿದ್ದರೆ ಯಾರಿಗಾದರೂ ಮೊದಲು ಹೊಳೆಯುವುದು "ಯಾವ ಪ್ರಾಣಿಯ ಕೆಲಸ ಇದು?" ಎಂಬ ಪ್ರಶ್ನೆ. ಈ ಪ್ರಕರಣದಲ್ಲಿ ಮನೆಯವರ ಬಳಿ ಅದಕ್ಕೆ ಉತ್ತರ ಸಿದ್ಧವಾಗಿತ್ತು. ಆ ಉತ್ತರವನ್ನು ನಂಬಿ ವಿಷವನ್ನೂ ತಂದಿಟ್ಟಿದ್ದರು. ನಾನು ಇಲ್ಲಿ ಬರೆಯುತ್ತಿರುವುದು ಆ ಉತ್ತರ ಹೇಗೆ ತಪ್ಪಾಗಿತ್ತು, ಅದನ್ನು ಯಾವ ಕ್ರಮದಲ್ಲಿ ಹುಡುಕಿ ತಿದ್ದಿಕೊಂಡೆವು, ಗೂಡನ್ನು ಹೇಗೆ ಭದ್ರಪಡಿಸಿದೆವು ಎಂಬುದನ್ನು. ನನ್ನ ಅನುಭವದಲ್ಲಿ "ಯಾರು?" ಎಂಬುದು ಕೇಳಬೇಕಾದ ಮೂರನೆಯ ಪ್ರಶ್ನೆ. ಅದಕ್ಕೂ ಮೊದಲು "ಯಾವ ಹೊತ್ತಿನಲ್ಲಿ?" ಎಂದು ಕೇಳಬೇಕು, ಆಮೇಲೆ "ಯಾವ ದಾರಿಯಿಂದ?" ಎಂದು.

ಗೂಡು ಮತ್ತು ನಷ್ಟ

ಮನೆಯಾಕೆ ಸಾಕಿದ್ದು ಒಂದು ಹುಂಜ, ಹದಿನೇಳು ಹೇಂಟೆಗಳು ಮತ್ತು ಒಂದು ತಾಯಿಕೋಳಿಯ ಹನ್ನೊಂದು ಮರಿಗಳನ್ನು. ಸೊಂಟದೆತ್ತರದ ಇಟ್ಟಿಗೆ ಗೋಡೆ, ಅದರ ಮೇಲೆ ಷಟ್ಕೋನ ಕಣ್ಣಿನ ತೆಳು ಕೋಳಿ ಜಾಲರಿ, ಮೇಲೆ ತಗಡಿನ ಮಾಡು. ಇದು ದೊಡ್ಡ ಕೋಳಿಗಳ ಗೂಡು. ಮಗ್ಗುಲಲ್ಲೇ ನೆಲದ ಮೇಲೆ ಇಟ್ಟ ಮರದ ಪೆಟ್ಟಿಗೆಯಲ್ಲಿ ತಾಯಿ ಮತ್ತು ಮರಿಗಳು. ಹಗಲಿನಲ್ಲಿ ಎಲ್ಲವೂ ಬೇಲಿಯೊಳಗಿನ ಅಂಗಳದಲ್ಲಿ ಮೇಯುತ್ತಿದ್ದವು. ಮೊಟ್ಟೆಯಿಡಲು ಅಂಗಳದ ಮೂಲೆಯಲ್ಲಿ ಹುಲ್ಲು ಹಾಸಿದ ಎರಡು ಬುಟ್ಟಿಗಳು.

ನಷ್ಟ ಒಂದೇ ದಿನ ಆದದ್ದಲ್ಲ. ಮೊದಲು ಮೊಟ್ಟೆ ಕಡಿಮೆಯಾಯಿತು. ಬಿಸಿಲಿಗೆ ಕೋಳಿಗಳು ಇಡುವುದನ್ನು ನಿಲ್ಲಿಸಿರಬೇಕು ಎಂದು ಮನೆಯವರು ಸುಮ್ಮನಾದರು. ಆಮೇಲೆ ಮರಿಗಳು ಒಂದೊಂದಾಗಿ ಕಾಣೆಯಾಗಿ ಹನ್ನೊಂದರಲ್ಲಿ ಆರು ಉಳಿದವು. ಕೊನೆಗೆ ಒಂದು ರಾತ್ರಿ ದೊಡ್ಡ ಗೂಡಿನೊಳಗೆ ಏಳು ಹೇಂಟೆಗಳು ಸತ್ತವು. ಉಳಿದವು ಮೂಲೆಯಲ್ಲಿ ಒಂದರ ಮೇಲೊಂದು ಒತ್ತರಿಸಿಕೊಂಡು ನಿಂತಿದ್ದವು. ಅವುಗಳಲ್ಲಿ ಎರಡರ ಬೆನ್ನಿನ ಮೇಲೆ ಗಾಯಗಳಿದ್ದವು.

"ಮುಂಗುಸಿಯೇ. ಬೇಲಿಯ ಹತ್ತಿರ ಓಡಾಡುವುದನ್ನು ನಾನೇ ಕಣ್ಣಾರೆ ಕಂಡಿದ್ದೇನೆ" ಎಂದು ಮನೆಯಾಕೆ ಹೇಳಿದರು. "ಮೊಟ್ಟೆ ತಿಂದಿತು, ಮರಿ ತಿಂದಿತು, ಈಗ ದೊಡ್ಡ ಕೋಳಿಗೇ ಬಾಯಿ ಹಾಕಿದೆ."

ಮಾತು ಕೇಳುವುದಕ್ಕೆ ಸರಿಯಾಗಿಯೇ ಇತ್ತು. ಮುಂಗುಸಿ ಮೊಟ್ಟೆ ತಿನ್ನುತ್ತದೆ, ಮರಿ ಹಿಡಿಯುತ್ತದೆ, ಕೋಳಿಯ ಕುತ್ತಿಗೆಗೂ ಬಾಯಿ ಹಾಕುತ್ತದೆ. ಆದರೆ ಕಣ್ಣಿಗೆ ಬಿದ್ದ ಪ್ರಾಣಿಯ ಮೇಲೆಯೇ ಎಲ್ಲ ಅಪರಾಧವನ್ನೂ ಹೊರಿಸುವುದು ಈ ಕೆಲಸದಲ್ಲಿ ಅತಿ ಸಾಮಾನ್ಯವಾದ ಎಡವಟ್ಟು. ಹಗಲಿನಲ್ಲಿ ಕಾಣುವ ಪ್ರಾಣಿ ಹಗಲಿನ ಪ್ರಾಣಿ. ರಾತ್ರಿ ಬರುವುದು ನಮಗೆ ಕಾಣುವುದೇ ಇಲ್ಲ.

ಮೊದಲು ಹೊತ್ತು

ಸಂಜೆ ಕತ್ತಲಾಗುವ ಮುನ್ನ ಗೂಡು ಮುಚ್ಚುವಾಗ ಎಲ್ಲ ಹೇಂಟೆಗಳೂ ಸರಿಯಾಗಿದ್ದವು. ನಸುಕಿನಲ್ಲಿ ಬಾಗಿಲು ತೆರೆದಾಗ ಏಳು ಸತ್ತಿದ್ದವು. ಎಂದರೆ ದಾಳಿ ನಡೆದದ್ದು ಪೂರ್ತಿ ಕತ್ತಲಲ್ಲಿ. ಮುಂಗುಸಿ ಹಗಲು ಬೇಟೆಯಾಡಿ ರಾತ್ರಿ ಬಿಲದಲ್ಲಿ ಮಲಗುವ ಪ್ರಾಣಿ. ಈ ಒಂದು ಸಂಗತಿಯನ್ನು ಕಡೆಗಣಿಸಿ ಮನುಷ್ಯರು ಹಿಂದೆ ಭಾರಿ ಬೆಲೆ ತೆತ್ತಿದ್ದಾರೆ. ಕಬ್ಬಿನ ತೋಟದ ಇಲಿಗಳನ್ನು ಹಿಡಿಸಲೆಂದು 1872ರಲ್ಲಿ ಭಾರತದಿಂದ ಜಮೈಕಾಕ್ಕೆ, ಅಲ್ಲಿಂದ 1883ರಲ್ಲಿ ಹವಾಯಿಗೆ ಮುಂಗುಸಿಗಳನ್ನು ಸಾಗಿಸಿ ಬಿಟ್ಟರು. ಇಲಿ ಹೆಚ್ಚಾಗಿ ಹೊರಬೀಳುವುದು ರಾತ್ರಿ, ಮುಂಗುಸಿ ತಿರುಗುವುದು ಹಗಲು. ಇಲಿಗಳ ಕಾಟ ತೀರಲಿಲ್ಲ, ಬದಲಿಗೆ ನೆಲದ ಮೇಲೆ ಗೂಡು ಕಟ್ಟುವ ಹಕ್ಕಿಗಳ ಮೊಟ್ಟೆ ಮರಿಗಳಿಗೆ ಕುತ್ತು ಬಂತು. ಹವಾಯಿ ದ್ವೀಪಗಳಲ್ಲಿ ಮುಂಗುಸಿ ನೆಲೆಯೂರದೆ ಉಳಿದ ಕವಾಯಿಯಲ್ಲಿ ಇಂದಿಗೂ ಕಾಡುಬಿದ್ದ ಕೋಳಿಗಳು ಬೀದಿಬೀದಿಯಲ್ಲಿ ಮರಿಗಳೊಡನೆ ತಿರುಗುತ್ತವೆ. ಹಗಲಿನ ಬೇಟೆಗಾರ ಯಾವುದಕ್ಕೆ ಕೈ ಹಾಕುತ್ತದೆ, ಯಾವುದಕ್ಕೆ ಹಾಕುವುದಿಲ್ಲ ಎಂಬುದಕ್ಕೆ ಇದಕ್ಕಿಂತ ದೊಡ್ಡ ಪಾಠ ಬೇಕಿಲ್ಲ.

ಹೀಗಾಗಿ ಆ ರಾತ್ರಿಯ ಕೊಲೆಯ ಮಟ್ಟಿಗೆ ಮುಂಗುಸಿಯನ್ನು ಪಟ್ಟಿಯಿಂದ ತೆಗೆದೆವು. ಮೊಟ್ಟೆ, ಮರಿ, ಹೇಂಟೆ ಎಂಬ ಮೂರು ನಷ್ಟಗಳನ್ನು ಒಂದೇ ಕಥೆಯಾಗಿ ಹೆಣೆಯದೆ ಬೇರೆ ಬೇರೆಯಾಗಿ ನೋಡಲು ತೀರ್ಮಾನಿಸಿದೆವು.

ಹೊತ್ತನ್ನು ಗೊತ್ತುಪಡಿಸಲು ಕೋಳಿಗಳೇ ನೆರವಾಗುತ್ತವೆ. ಆಕಾಶದಲ್ಲಿ ಗಿಡುಗ ಕಂಡರೆ ಹುಂಜ ಕೂಗುವ ರೀತಿ ಬೇರೆ, ನೆಲದ ಮೇಲೆ ಶತ್ರು ಬಂದರೆ ಕೂಗುವ ರೀತಿ ಬೇರೆ. ಈ ಎರಡು ಕೂಗುಗಳಿಗೆ ಕೋಳಿಗಳು ಬೇರೆ ಬೇರೆಯಾಗಿಯೇ ಪ್ರತಿಕ್ರಿಯಿಸುತ್ತವೆ ಎಂಬುದನ್ನು ಕ್ರಿಸ್ ಇವಾನ್ಸ್, ಪೀಟರ್ ಮಾರ್ಲರ್ ಮತ್ತು ಸಂಗಡಿಗರು 1993ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ ತೋರಿಸಿದ್ದಾರೆ. ಮೇಲಿನ ಅಪಾಯದ ಕೂಗು ಎಳೆದಂತೆ ಇರುತ್ತದೆ. ಅದು ಕೇಳಿದೊಡನೆ ಉಳಿದವು ಪೊದೆಯಡಿಗೆ ಓಡಿ ಅವಿತುಕೊಳ್ಳುತ್ತವೆ. ನೆಲದ ಅಪಾಯಕ್ಕೆ ತುಂಡು ತುಂಡಾದ, ಬಿಡದೆ ಮರುಕಳಿಸುವ ಕೂಗು. ಆಗ ಅವು ಅವಿತುಕೊಳ್ಳುವುದಿಲ್ಲ, ಕತ್ತೆತ್ತಿ ನಿಂತು ನೋಡುತ್ತವೆ. ಮಧ್ಯಾಹ್ನಕ್ಕೆ ಮುಂಚೆ ಹುಂಜ "ಬಾಯಿ ಮುಚ್ಚದೆ ಕೂಗುತ್ತದೆ" ಎಂದು ಮನೆಯಾಕೆ ಹೇಳಿದ್ದು ಈ ಎರಡನೆಯ ಬಗೆಯ ಕೂಗು. ಅದನ್ನು ಗುರುತು ಹಾಕಿಕೊಂಡೆವು. ಮೊಟ್ಟೆಯ ಪ್ರಶ್ನೆಗೆ ಬಂದಾಗ ಅದು ಬೇಕಾಯಿತು.

ಸತ್ತ ಕೋಳಿಗಳು ಹೇಳಿದ್ದು

ಸತ್ತ ಕೋಳಿಯನ್ನು ಮುಟ್ಟುವ ಮೊದಲು ಕೈಗವಸು, ಮೂಗು ಬಾಯಿಗೆ ಮುಸುಕು ಹಾಕಿಕೊಳ್ಳಬೇಕು. ಇದು ಬರಿಯ ಶುಚಿತ್ವದ ಮಾತಲ್ಲ. ಹಲವು ಕೋಳಿಗಳು ಒಟ್ಟಿಗೆ ಸತ್ತಾಗ ಅದು ದಾಳಿಯೋ ಹಕ್ಕಿಜ್ವರ ಅಥವಾ ಕೊಕ್ಕರೆ ರೋಗದಂತಹ ಸೋಂಕೋ ಎಂಬುದು ಮೊದಲು ತೀರ್ಮಾನವಾಗಬೇಕು. ರೋಗದಿಂದ ಸತ್ತ ಕೋಳಿಯನ್ನು ಆಮೇಲೆ ಇಲಿಯೋ ಬೆಕ್ಕೋ ಬಂದು ಕಡಿದಿರುತ್ತದೆ. ನೋಡಿದವರು ಅದನ್ನು ದಾಳಿ ಎಂದುಕೊಳ್ಳುತ್ತಾರೆ. ಮೈಮೇಲೆ ಗಾಯವೇ ಇಲ್ಲದೆ ಕೋಳಿಗಳು ಸತ್ತಿದ್ದರೆ, ಅಥವಾ ಬದುಕಿರುವವು ಮಂಕಾಗಿ, ತಲೆ ಊದಿ, ಉಸಿರಿಗೆ ಕಷ್ಟಪಡುತ್ತಿದ್ದರೆ ಹುಡುಕಾಟ ಅಲ್ಲಿಗೇ ನಿಲ್ಲಿಸಿ ಪಶುವೈದ್ಯರಿಗೆ ತಿಳಿಸಬೇಕು.

ಕೊಂದದ್ದೋ ಸತ್ತ ಮೇಲೆ ಕಡಿದದ್ದೋ ಎಂದು ತಿಳಿಯಲು ಒಂದು ಖಚಿತವಾದ ದಾರಿಯಿದೆ. ಒಂದು ಹೇಂಟೆಯ ಕುತ್ತಿಗೆಯ ಗರಿಗಳನ್ನು ನೀರಿನಿಂದ ಒದ್ದೆ ಮಾಡಿ ಬದಿಗೆ ಸರಿಸಿದೆ. ತಲೆಬುರುಡೆಯ ಬುಡದಲ್ಲಿ ಎರಡು ಸಣ್ಣ ತೂತುಗಳು ಕಂಡವು. ಮೇಲಿನಿಂದ ನೋಡಿದರೆ ಅಷ್ಟೇ, ರಕ್ತವೂ ಹೆಚ್ಚಿರಲಿಲ್ಲ. ಬ್ಲೇಡಿನಿಂದ ಅಲ್ಲಿನ ಚರ್ಮವನ್ನು ಉದ್ದಕ್ಕೆ ಸೀಳಿ ಬಿಡಿಸಿದಾಗ ಒಳಗೆ ತೂತುಗಳ ಸುತ್ತ ಕಪ್ಪುಗೆಂಪು ರಕ್ತ ಹೆಪ್ಪುಗಟ್ಟಿ ಮಾಂಸದೊಳಕ್ಕೆ ಇಳಿದಿತ್ತು. ಜೀವ ಇರುವಾಗ, ಹೃದಯ ಬಡಿಯುತ್ತಿರುವಾಗ ಮಾತ್ರ ಹೀಗೆ ರಕ್ತ ಒಸರಿ ಕಂದುತ್ತದೆ. ಸತ್ತ ಮೇಲೆ ಕಚ್ಚಿದ್ದರೆ ತೂತು ಇರುತ್ತದೆ, ಕಂದು ಇರುವುದಿಲ್ಲ. ತಲೆ, ಕುತ್ತಿಗೆ ಉಳಿದಿದ್ದ ಆರರಲ್ಲೂ ಇದೇ ಗುರುತು ಸಿಕ್ಕಿತು. ಅಲ್ಲಿಗೆ ಇದು ರೋಗವಲ್ಲ ಎಂಬುದು ಖಚಿತವಾಯಿತು.

ಗರಿಗಳನ್ನೂ ನೋಡಬೇಕು. ಗಿಡುಗ ಮತ್ತು ಗೂಬೆಯಂತಹ ಬೇಟೆಹಕ್ಕಿಗಳು ಗರಿಯನ್ನು ಕೊಕ್ಕಿನಿಂದ ಬುಡಸಮೇತ ಕಿತ್ತು ಎಸೆಯುತ್ತವೆ. ಗರಿಯ ದಂಟು ಇಡಿಯಾಗಿರುತ್ತದೆ, ಕಿತ್ತವು ಒಂದೇ ಕಡೆ ಹರಡಿರುತ್ತವೆ. ಹಲ್ಲಿರುವ ಪ್ರಾಣಿ ಗರಿಗಳನ್ನು ಗೊಂಚಲಾಗಿ ಕಚ್ಚಿ ಹರಿಯುತ್ತದೆ. ದಂಟು ತುಂಡಾಗಿರುತ್ತದೆ, ಎಂಜಲಿಗೆ ಅಂಟಿಕೊಂಡಿರುತ್ತದೆ. ಇಲ್ಲಿ ಸಿಕ್ಕ ಗರಿಗಳು ಎರಡನೆಯ ಬಗೆಯವು.

ಏಳರಲ್ಲಿ ಆರನ್ನು ಕೊಂದು ಹಾಗೆಯೇ ಬಿಡಲಾಗಿತ್ತು. ಒಂದನ್ನು ಮಾತ್ರ ತಿಂದಿತ್ತು. ಮನೆಯವರನ್ನು ಹೆಚ್ಚು ಕಂಗೆಡಿಸಿದ್ದು ಇದೇ. "ತಿನ್ನುವುದಾದರೆ ತಿನ್ನಲಿ, ಸುಮ್ಮಸುಮ್ಮನೆ ಕೊಲ್ಲುವುದು ಏಕೆ?" ಎಂದು ಕೇಳಿದರು. ಇದರಲ್ಲಿ ಕ್ರೌರ್ಯವಿಲ್ಲ. ಹ್ಯಾನ್ಸ್ ಕ್ರೂಕ್ ಎಂಬ ಪ್ರಾಣಿವಿಜ್ಞಾನಿ 1972ರಲ್ಲಿ ಇಂತಹ ಅಗತ್ಯ ಮೀರಿದ ಕೊಲೆಗಳ ಬಗ್ಗೆ ಬರೆದರು. ನೆಲದ ಮೇಲೆ ಗೂಡು ಕಟ್ಟಿದ ಕಡಲಕ್ಕಿಗಳು ಕಗ್ಗತ್ತಲ ರಾತ್ರಿಗಳಲ್ಲಿ ನರಿ ಹತ್ತಿರ ಬಂದರೂ ಹಾರಿಹೋಗದೆ ಕುಳಿತಿದ್ದವು, ನರಿ ಒಂದಾದ ಮೇಲೊಂದನ್ನು ಕೊಲ್ಲುತ್ತ ಹೋಗಿತ್ತು. ಬೇಟೆ ತಪ್ಪಿಸಿಕೊಂಡು ಓಡಿದರೆ ಬೇಟೆಗಾರನಿಗೆ ಒಂದು ಸಿಕ್ಕರೆ ಹೆಚ್ಚು. ಓಡದಿದ್ದರೆ ಹಿಡಿಯುವ, ಕಚ್ಚುವ ಹುಟ್ಟುಗುಣ ಮತ್ತೆ ಮತ್ತೆ ಕೆರಳುತ್ತದೆ. ಹಗಲಿನಲ್ಲಿ ಕೋಳಿಯ ಕಣ್ಣು ಚುರುಕು, ಬಣ್ಣಗಳನ್ನು ನಮಗಿಂತ ಚೆನ್ನಾಗಿ ಕಾಣುತ್ತದೆ. ಕತ್ತಲಲ್ಲಿ ಅದಕ್ಕೆ ಏನೂ ತೋಚುವುದಿಲ್ಲ, ಕೂತ ಗಳದ ಮೇಲೆ ಕೂತೇ ಇರುತ್ತದೆ. ನಾಲ್ಕು ಗೋಡೆಯ ನಡುವೆ ಮುಚ್ಚಿದ ಗೂಡೊಳಗೆ ಒಂದು ಸಣ್ಣ ಪ್ರಾಣಿ ನುಸುಳಿತೆಂದರೆ ನಾವು ಕಟ್ಟಿದ ಆಸರೆಯೇ ಕೋಳಿಗಳಿಗೆ ಬೋನಾಗುತ್ತದೆ. ಅರೆಬರೆ ಭದ್ರತೆಯ ಗೂಡು ಬಯಲಿಗಿಂತ ಅಪಾಯಕರ ಎಂದು ನಾನು ಹೇಳುವುದು ಇದಕ್ಕೇ.

ಬಂದ ದಾರಿ

ತಿಂದಿದ್ದ ಹೇಂಟೆ ಉಳಿದವುಗಳ ಜೊತೆ ಇರಲಿಲ್ಲ. ಹಿಂಗೋಡೆಯ ಕೆಳಗೆ ಬಿದ್ದಿತ್ತು. ತಲೆ, ಕುತ್ತಿಗೆ ಇರಲಿಲ್ಲ, ಎದೆಯ ಒಂದು ಮಗ್ಗುಲು ಹೋಗಿತ್ತು. ಅದರ ನೇರ ಮೇಲೆ, ಜಾಲರಿ ಮರದ ತೊಲೆಗೆ ಸೇರುವ ಕಡೆ, ಮೊಳೆಗಳು ಕಿತ್ತು ಜಾಲರಿ ಒಳಮುಖವಾಗಿ ಬಾಗಿತ್ತು. ಸಂದು ಅಳೆದರೆ ಎಂಟು ಸೆಂಟಿಮೀಟರ್ ಆಸುಪಾಸು. ಕೆಳಗಿನ ಇಟ್ಟಿಗೆಯ ಮೇಲೆ, ಜಾಲರಿಯ ತಂತಿಯಲ್ಲಿ ಕೋಳಿಯ ಪುಕ್ಕ ಸಿಕ್ಕಿಕೊಂಡಿತ್ತು. ಪ್ರಾಣಿ ಆ ಹೇಂಟೆಯನ್ನು ಹೊತ್ತೊಯ್ಯಲು ನೋಡಿದೆ, ಆಗಿಲ್ಲ, ಅಲ್ಲೇ ಕೂತು ತಿಂದಿದೆ. ಅದು ಬಂದ ದಾರಿ ಕೋಳಿಗಿಂತ ಕಿರಿದಾಗಿತ್ತು.

ಈ ಒಂದು ಅಳತೆ ಅನೇಕರನ್ನು ಹೊರಗಿಟ್ಟಿತು. ನಾಯಿ ಆ ಸಂದಿನಲ್ಲಿ ನುಗ್ಗಲಾರದು. ನಾಯಿ ನುಗ್ಗಿದ್ದರೆ ಬೇಲಿಯ ಬುಡ ಅಗೆದಿರುತ್ತಿತ್ತು ಇಲ್ಲವೇ ಬಾಗಿಲು ಮುರಿದಿರುತ್ತಿತ್ತು. ನಾಯಿ ಆಟದ ಉಮೇದಿನಲ್ಲಿ ಹಿಂಭಾಗ, ತೊಡೆ, ರೆಕ್ಕೆ ಎಂದು ಸಿಕ್ಕಲ್ಲಿ ಹರಿದು ಹಾಕುತ್ತದೆ, ಅಚ್ಚುಕಟ್ಟಾಗಿ ತಲೆಬುರುಡೆಯ ಬುಡ ಹುಡುಕುವುದಿಲ್ಲ. ನರಿಯೂ ಆ ಎತ್ತರದ ಸಂದಿನಿಂದ ಬರುವುದಿಲ್ಲ. ಅದು ಬಂದರೆ ಕೋಳಿಯನ್ನು ಹೊತ್ತೊಯ್ಯುತ್ತದೆ, ನಮಗೆ ಉಳಿಯುವುದು ಒಂದು ಹಿಡಿ ಪುಕ್ಕ. ಹಾವು ದೊಡ್ಡ ಕೋಳಿಯ ಗೊಡವೆಗೆ ಹೋಗುವುದು ಅಪರೂಪ. ಮೊಟ್ಟೆ, ಮರಿಗಳನ್ನು ಇಡಿಯಾಗಿ ನುಂಗುತ್ತದೆ, ಚೂರೂ ಗುರುತು ಉಳಿಸುವುದಿಲ್ಲ. ನುಂಗಲಾಗದೆ ಬಿಟ್ಟ ಮರಿಯ ತಲೆ, ಭುಜ ಒದ್ದೆಯಾಗಿದ್ದರೆ ಅದು ಹಾವಿನ ಕೆಲಸ.

ಉಳಿದದ್ದು ಮರ ಹತ್ತಬಲ್ಲ, ಮೈ ಬಳುಕಿಸಿ ತೂರಬಲ್ಲ, ರಾತ್ರಿ ತಿರುಗುವ ಪ್ರಾಣಿ. ಮಾಡಿನ ಮೇಲೆ ಏಣಿ ಹಾಕಿ ಹತ್ತಿ ನೋಡಿದಾಗ ತಗಡಿನ ಅಂಚಿನಲ್ಲಿ ಹಣ್ಣಿನ ಬೀಜಗಳು ತುಂಬಿದ ಹಿಕ್ಕೆ, ಹಳೆಯದೂ ಹೊಸದೂ, ಒಂದೇ ಜಾಗದಲ್ಲಿ ಬಿದ್ದಿತ್ತು. ಪಕ್ಕದ ಮರದ ಕೊಂಬೆಯೊಂದು ತಗಡಿಗೆ ತಾಗಿಕೊಂಡಿತ್ತು. ಮರ ಹತ್ತುವ ಪುನುಗು ಬೆಕ್ಕು ಹೀಗೆಯೇ ಮಾಡುತ್ತದೆ. ಹಣ್ಣು ಅದರ ಮುಖ್ಯ ಆಹಾರ, ಹಿಕ್ಕೆಯಲ್ಲಿ ಬೀಜ ಹಾಗೇ ಹೊರಬರುತ್ತದೆ, ಇಲಿ ಹಕ್ಕಿಗಳು ಸಿಕ್ಕಿದರೆ ಅವನ್ನೂ ಬಿಡುವುದಿಲ್ಲ.

ಊಹೆಯನ್ನು ಊಹೆಯಾಗಿ ಬಿಡಬಾರದೆಂದು ಆ ಸಂಜೆ ಬದುಕಿದ ಕೋಳಿಗಳನ್ನೆಲ್ಲ ಮನೆಯ ಸಾಮಾನು ಕೋಣೆಗೆ ಸಾಗಿಸಿ, ಸಂದನ್ನು ಹಾಗೆಯೇ ಬಿಟ್ಟು, ತಿಂದುಳಿದ ಹೇಂಟೆಯನ್ನೂ ಅಲ್ಲೇ ಇಟ್ಟೆವು. ಗೋಡೆಯ ಮೇಲಂಚಿಗೆ ಜರಡಿ ಹಿಡಿದ ಬೂದಿ ಚೆಲ್ಲಿ, ಅತಿಗೆಂಪು ಬೆಳಕಿನ ಕ್ಯಾಮೆರಾವನ್ನು ಎದುರಿಗೆ ಕಟ್ಟಿದೆವು. ಒಮ್ಮೆ ಊಟ ಸಿಕ್ಕಿದ ಜಾಗಕ್ಕೆ ಪ್ರಾಣಿ ಮರಳಿ ಬರುವುದು ಬಹುಮಟ್ಟಿಗೆ ಖಚಿತ, ಅದರಲ್ಲೂ ಮರುರಾತ್ರಿಯೇ. ದಾಳಿಯಾದ ದಿನ ಕತ್ತಲಾಗುವುದರೊಳಗೆ ಕೋಳಿಗಳನ್ನು ಬೇರೆಡೆಗೆ ಸಾಗಿಸಬೇಕು ಎಂದು ಒತ್ತಿ ಹೇಳುವುದು ಇದರಿಂದ. ನಾಳೆ ನೋಡೋಣ ಎಂದರೆ ನಾಳೆಗೆ ಕೋಳಿ ಉಳಿಯುವುದಿಲ್ಲ.

ನಡುರಾತ್ರಿ ಕಳೆದ ಮೇಲೆ ಅದು ಬಂತು. ಕೊಂಬೆಯಿಂದ ತಗಡಿಗೆ, ತಗಡಿನ ಅಂಚಿನಿಂದ ತಲೆಕೆಳಗಾಗಿ ಇಳಿದು ಸಂದಿಗೆ ಮೂತಿ ತೂರಿಸಿತು. ಗಿಡ್ಡ ಕಾಲು, ಚೂಪು ಮೂತಿ, ಮೈಯಷ್ಟೇ ಉದ್ದದ ಬಾಲ. ಬೂದಿಯಲ್ಲಿ ಐದು ಬೆರಳಿನ ಹೆಜ್ಜೆ ಮೂಡಿತ್ತು. ಬೆಕ್ಕಿನ ಕುಲದ ಪ್ರಾಣಿಗಳ ಹೆಜ್ಜೆಯಲ್ಲಿ ನಾಲ್ಕೇ ಬೆರಳು, ಉಗುರು ಕಾಣುವುದಿಲ್ಲ. ನಾಯಿಯದರಲ್ಲಿ ನಾಲ್ಕು ಬೆರಳು, ಉಗುರಿನ ಗುರುತು ಸ್ಪಷ್ಟ. ಹೆಸರಿನಲ್ಲಿ ಬೆಕ್ಕು ಇದ್ದರೂ ಪುನುಗು ಬೆಕ್ಕು ಆ ಕುಲಕ್ಕೆ ಸೇರಿದ್ದಲ್ಲ, ಹೆಜ್ಜೆ ನೋಡಿದರೆ ಅದು ಒಡನೆ ತಿಳಿಯುತ್ತದೆ.

ಮರಿಗಳನ್ನು ಒಯ್ದವರು

ಮರಿಗಳು ಕಾಣೆಯಾದದ್ದೂ ರಾತ್ರಿಯೇ, ಆದರೆ ದಾರಿ ಬೇರೆ. ಮರದ ಪೆಟ್ಟಿಗೆಯ ಬಾಗಿಲು, ಜಾಲರಿ ಎಲ್ಲ ಗಟ್ಟಿಯಾಗಿದ್ದವು. ಪೆಟ್ಟಿಗೆಯನ್ನು ಮಗುಚಿದಾಗ ಅಡಿಯ ಹಲಗೆಯ ಮೂಲೆಯಲ್ಲಿ ಹಲ್ಲಿನಿಂದ ಕೆರೆದ ತೂತು, ಅದರ ಕೆಳಗೆ ನೆಲದಲ್ಲಿ ಹೊಸ ಮಣ್ಣು ರಾಶಿಬಿದ್ದ ಬಿಲ. ಬಿಲವನ್ನು ಸ್ವಲ್ಪ ಅಗೆದರೆ ಎರಡು ಮರಿಗಳ ಅವಶೇಷ ಸಿಕ್ಕಿತು. ಹೆಗ್ಗಣ. ಇಲಿ ಹೆಗ್ಗಣಗಳು ಮರಿಯನ್ನು ಬಿಲದೊಳಕ್ಕೆ ಎಳೆದೊಯ್ಯುತ್ತವೆ. ಬದುಕುಳಿದ ಮರಿಗಳ ಕಾಲಿನಲ್ಲೋ ಹೊಟ್ಟೆಯಡಿಯಲ್ಲೋ ಕಚ್ಚಿದ ಗಾಯ ಇದ್ದರೆ ಕೆಳಗಿನಿಂದ ದಾಳಿಯಾಗುತ್ತಿದೆ ಎಂದು ತಿಳಿಯಬೇಕು. ತಾಯಿಕೋಳಿ ರೆಕ್ಕೆಯಡಿ ಹುದುಗಿಸಿಕೊಂಡಿದ್ದರೂ ಕತ್ತಲಲ್ಲಿ ಅದು ಏನೂ ಮಾಡಲಾರದು.

ಹೆಗ್ಗಣವನ್ನು ಕರೆತಂದದ್ದು ಮರಿಗಳಲ್ಲ, ಮೇವು. ಗೂಡಿನ ಹೊರಗೆ ಗೋಣಿಚೀಲದಲ್ಲಿ ಕಾಳು ಇಟ್ಟಿದ್ದರು, ಅಂಗಳದಲ್ಲಿ ಚೆಲ್ಲಿದ್ದು ರಾತ್ರಿಯಿಡೀ ಬಿದ್ದಿರುತ್ತಿತ್ತು. ಕಾಳಿಗೆ ಹೆಗ್ಗಣ, ಹೆಗ್ಗಣದ ಬೆನ್ನಿಗೆ ಹಾವು ಮತ್ತು ಪುನುಗು ಬೆಕ್ಕು. ಕೋಳಿ ಸಾಕುವವರು ಬೇಟೆಗಾರರ ಬಗ್ಗೆ ಮಾತನಾಡುವಷ್ಟು ಮೇವಿನ ಡಬ್ಬಿಯ ಬಗ್ಗೆ ಮಾತನಾಡುವುದಿಲ್ಲ. ನನಗೆ ಇದು ಬಹಳ ಬೇಸರದ ಸಂಗತಿ.

ಮೊಟ್ಟೆಗಳು

ಮುಂಗುಸಿ ನಿರಪರಾಧಿಯೇನೂ ಅಲ್ಲ. ಮೊಟ್ಟೆ ಕಡಿಮೆಯಾದದ್ದು ಹಗಲಿನಲ್ಲಿ, ಹುಂಜ ಬಿಡದೆ ಕೂಗುತ್ತಿದ್ದ ಹೊತ್ತಿನಲ್ಲೇ. ಬುಟ್ಟಿಯಲ್ಲಿ ಚಿಪ್ಪಿನ ಚೂರಾಗಲಿ ಲೋಳೆಯ ಅಂಟಾಗಲಿ ಇರಲಿಲ್ಲ. ಆದ್ದರಿಂದ ಕೋಳಿಗಳೇ ತಮ್ಮ ಮೊಟ್ಟೆ ಕುಕ್ಕಿ ತಿನ್ನುತ್ತಿರಲಿಲ್ಲ. ಹಾವಾಗಿದ್ದರೆ ಚಿಪ್ಪು ಎಲ್ಲಿಯೂ ಸಿಗಬಾರದು. ಬೇಲಿಯ ಹೊರಗೆ ಒಂದು ಚಪ್ಪಟೆ ಕಲ್ಲಿನ ಬುಡದಲ್ಲಿ ಒಡೆದ ಚಿಪ್ಪುಗಳು ಬೇಕಾದಷ್ಟು ಸಿಕ್ಕವು. ಮುಂಗುಸಿಗಳಿಗೆ ಮೊಟ್ಟೆ ಒಡೆಯುವ ಒಂದು ವಿಶಿಷ್ಟ ರೀತಿಯಿದೆ. ಕಲ್ಲಿಗೆ ಬೆನ್ನು ಮಾಡಿ ನಿಂತು, ಮುಂಗಾಲುಗಳಲ್ಲಿ ಮೊಟ್ಟೆ ಹಿಡಿದು, ಹಿಂಗಾಲುಗಳ ನಡುವಿನಿಂದ ಹಿಂದಕ್ಕೆ ಎಸೆಯುತ್ತವೆ. ಬುಟ್ಟಿಯ ಎದುರಿಗೆ ಕ್ಯಾಮೆರಾ ಇಟ್ಟಾಗ ಅದು ಬೇಲಿಯ ಬುಡದಿಂದ ನುಸುಳಿ ಬಂದು, ಮೊಟ್ಟೆಯನ್ನು ಗಲ್ಲಕ್ಕೆ ಒತ್ತಿ ಹಿಡಿದು ಹೊರಗೊಯ್ಯುವುದು ಕಂಡಿತು. ಮನೆಯಾಕೆ ಅದನ್ನು ನೋಡಿ "ಹಾಗಾದರೆ ನಾನು ಹೇಳಿದ್ದು ಪೂರ್ತಿ ಸುಳ್ಳಲ್ಲ" ಎಂದರು. ನಿಜವೇ.

ವಿಷ ಬೇಡವೆಂದದ್ದು

ತಂದಿಟ್ಟ ವಿಷವನ್ನು ಮೀನಿನ ತುಂಡಿಗೆ ಬೆರೆಸಿ ಬೇಲಿಯ ಬಳಿ ಇಡುವ ಯೋಚನೆ ಅವರದಾಗಿತ್ತು. ನಾನು ಇದನ್ನು ಖಂಡಿತವಾಗಿ ವಿರೋಧಿಸಿದೆ. ಮೊದಲನೆಯದಾಗಿ, ಮುಂಗುಸಿ ಸತ್ತಿದ್ದರೂ ಹೇಂಟೆಗಳೂ ಮರಿಗಳೂ ಸಾಯುವುದು ನಿಲ್ಲುತ್ತಿರಲಿಲ್ಲ. ಎರಡನೆಯದಾಗಿ, ವಿಷ ಇಟ್ಟವನಿಗೆ ಅದನ್ನು ತಿನ್ನುವುದು ಯಾರು ಎಂಬುದರ ಮೇಲೆ ಹಿಡಿತ ಇರುವುದಿಲ್ಲ. ಕೋಳಿಯೇ ಕುಕ್ಕಬಹುದು, ಮನೆಯ ನಾಯಿ ತಿನ್ನಬಹುದು, ಮಗುವಿನ ಕೈಗೆ ಸಿಗಬಹುದು. ರಕ್ತ ಹೆಪ್ಪುಗಟ್ಟದಂತೆ ಮಾಡುವ ಇಲಿ ಪಾಷಾಣಗಳಂತೂ ತಿಂದೊಡನೆ ಕೊಲ್ಲುವುದಿಲ್ಲ. ಇಲಿ ಕೆಲವು ದಿನ ತೂರಾಡುತ್ತ ತಿರುಗುತ್ತದೆ, ಸುಲಭವಾಗಿ ಸಿಕ್ಕುವ ಅದನ್ನು ಗೂಬೆ ಹಿಡಿಯುತ್ತದೆ, ಗೂಬೆಯೂ ಸಾಯುತ್ತದೆ. ಹೆಗ್ಗಣಗಳನ್ನು ಕೂಲಿಯಿಲ್ಲದೆ ಹಿಡಿಯುವವರನ್ನೇ ಹೀಗೆ ಕಳೆದುಕೊಳ್ಳುತ್ತೇವೆ. ಬೇಟೆಹಕ್ಕಿಗಳಿಗೂ ಅನೇಕ ಕಾಡುಪ್ರಾಣಿಗಳಿಗೂ ಬಹಳಷ್ಟು ದೇಶಗಳಲ್ಲಿ ಕಾನೂನಿನ ರಕ್ಷಣೆ ಇದೆ, ಕೊಲ್ಲುವುದು ಅಪರಾಧ ಎಂಬುದನ್ನೂ ಮರೆಯಬಾರದು.

ಬೋನಿನಲ್ಲಿ ಹಿಡಿದು ದೂರ ಬಿಟ್ಟುಬಂದರೆ ಹೇಗೆ ಎಂದರು. ಹಿಡಿದು ಸಾಗಿಸಿದ ಪ್ರಾಣಿ ಗುರುತಿಲ್ಲದ ಜಾಗದಲ್ಲಿ ಉಳಿಯುವುದು ಕಷ್ಟ, ಇಲ್ಲಿ ತೆರವಾದ ಜಾಗಕ್ಕೆ ಅದೇ ಜಾತಿಯ ಇನ್ನೊಂದು ಬರುತ್ತದೆ. ಸಂದು ತೆರೆದಿರುವವರೆಗೆ ಬರುವವರು ಬರುತ್ತಲೇ ಇರುತ್ತಾರೆ. ಸಂದು ಮುಚ್ಚಿದರೆ ಬಂದದ್ದು ಯಾವ ಪ್ರಾಣಿಯಾದರೇನು.

ಗೂಡನ್ನು ಸರಿಪಡಿಸಿದ್ದು

ಹೆಚ್ಚು ಹಣ, ಶ್ರಮ ಹೋದದ್ದು ಜಾಲರಿಗೆ, ಹೋಗಬೇಕಾದದ್ದೂ ಅಲ್ಲಿಗೇ. ಷಟ್ಕೋನ ಕಣ್ಣಿನ ಕೋಳಿ ಜಾಲರಿ ಕೋಳಿಗಳನ್ನು ಒಳಗಿಡಲು ಮಾಡಿದ್ದು, ಶತ್ರುವನ್ನು ಹೊರಗಿಡಲು ಅಲ್ಲ. ಅದರ ತಂತಿಯನ್ನು ಹಲ್ಲಿನಿಂದ ಎಳೆದು ಅಗಲಿಸಬಹುದು, ದೊಡ್ಡ ಕಣ್ಣಿನದಾದರೆ ಪಂಜ ತೂರಿಸಿ ಕೂತ ಕೋಳಿಯನ್ನು ಹಿಡಿಯಬಹುದು. ತಲೆಯಿಲ್ಲದ ಕೋಳಿ ಜಾಲರಿಗೆ ಒತ್ತಿಕೊಂಡು ಬಿದ್ದಿದ್ದರೆ ಹೊರಗಿನಿಂದಲೇ ಎಳೆದಿರುವ ಸಾಧ್ಯತೆ ಹೆಚ್ಚು. ಅದರ ಬದಲು ಅರ್ಧ ಅಂಗುಲ, ಎಂದರೆ ಸುಮಾರು 13 ಮಿಲಿಮೀಟರ್ ಕಣ್ಣಿನ, ಬೆಸುಗೆ ಹಾಕಿದ ಗಟ್ಟಿ ಜಾಲರಿಯನ್ನು ತಂದೆವು. ಮೊಳೆ ಬಡಿಯಲಿಲ್ಲ. ಜಾಲರಿಯ ಅಂಚಿನ ಮೇಲೆ ಮರದ ಪಟ್ಟಿ ಇಟ್ಟು ಸ್ಕ್ರೂ ಮತ್ತು ವಾಷರ್‌ನಿಂದ ಬಿಗಿದೆವು. ಆ ರಾತ್ರಿ ಸೋತದ್ದು ತಂತಿಯಲ್ಲ, ಮೊಳೆ.

ಮನೆಯವರು ಮೇಲಿನ ಜಾಲರಿ ಭಾಗವನ್ನೇ ಹಲಗೆಯಿಂದ ಪೂರ್ತಿ ಮುಚ್ಚಿಬಿಡೋಣ ಎಂದಿದ್ದರು. ಅದು ಸರಿಯಲ್ಲ. ಕೋಳಿಯ ಹಿಕ್ಕೆಯಿಂದ ಅಮೋನಿಯಾ ಏಳುತ್ತದೆ, ಗಾಳಿಯಾಡದಿದ್ದರೆ ಕಣ್ಣು, ಉಸಿರಾಟ ಎರಡೂ ಕೆಡುತ್ತವೆ. ಬೇಸಿಗೆಯಲ್ಲಿ ಸೆಕೆಗೆ ಸಾಯುತ್ತವೆ. ಗಾಳಿಗೆ ದಾರಿ ಬಿಟ್ಟು ಪ್ರಾಣಿಗೆ ದಾರಿ ಮುಚ್ಚುವುದೇ ಗೂಡಿನ ಕಸುಬು. ಕೂರುವ ಗಳವನ್ನು ಮಾತ್ರ ಜಾಲರಿಯಿಂದ ದೂರಕ್ಕೆ, ಗೂಡಿನ ನಡುವಿಗೆ ಸರಿಸಿದೆವು.

ಬುಡದಲ್ಲಿ ಅಗೆಯುವ ಪ್ರಾಣಿಗಳಿಗಾಗಿ ಬೇಲಿಗೆ ತಾಗಿ ಹೊರಮುಖವಾಗಿ ಅರ್ಧ ಮೀಟರ್ ಅಗಲದ ಜಾಲರಿಯನ್ನು ನೆಲದ ಮೇಲೆ ಮಲಗಿಸಿ, ಮೇಲೆ ಮಣ್ಣು ಹರಡಿದೆವು. ಅಗೆಯುವ ಪ್ರಾಣಿ ಬೇಲಿಯ ಬುಡಕ್ಕೇ ಬಂದು ಕೆದಕುತ್ತದೆ, ಉಗುರಿಗೆ ತಂತಿ ಸಿಕ್ಕುತ್ತದೆ, ಎರಡು ಹೆಜ್ಜೆ ಹಿಂದೆ ಸರಿದು ಅಗೆಯಬೇಕೆಂಬುದು ಅದಕ್ಕೆ ಹೊಳೆಯುವುದು ಅಪರೂಪ. ಆಳವಾದ ಕಾಲುವೆ ತೋಡಿ ಜಾಲರಿ ಹೂಳುವುದಕ್ಕಿಂತ ಇದು ಸುಲಭ. ಮುಂಗುಸಿ ನುಸುಳುತ್ತಿದ್ದ ದಾರಿಯೂ ಇದರಿಂದ ಮುಚ್ಚಿತು.

ಮರಿಗಳ ಪೆಟ್ಟಿಗೆಯನ್ನು ನೆಲದಿಂದ ಎತ್ತಿ ನಾಲ್ಕು ಕಾಲುಗಳ ಮೇಲೆ ನಿಲ್ಲಿಸಿ, ಅಡಿಗೆ ಅದೇ ಜಾಲರಿ ಹೊಡೆದೆವು. ಕಾಲುಗಳಿಗೆ ನುಣುಪಾದ ತಗಡು ಸುತ್ತಿದೆವು. ಬಿಲಗಳನ್ನು ಅಗೆದು, ಕಲ್ಲು ತುಂಬಿ ಮುಚ್ಚಿದೆವು. ಮೇವು ಮುಚ್ಚಳ ಬಿಗಿಯಾದ ಲೋಹದ ಡಬ್ಬಿಗೆ ಹೋಯಿತು, ಸಂಜೆ ಅಂಗಳ ಗುಡಿಸುವುದು ದಿನದ ಕೆಲಸವಾಯಿತು. ತಗಡಿಗೆ ತಾಗುತ್ತಿದ್ದ ಕೊಂಬೆಯನ್ನು ಎರಡು ಮೀಟರ್‌ಗಿಂತ ಹಿಂದಕ್ಕೆ ಕಡಿದೆವು. ಬಾಗಿಲಿನ ಒಂದೇ ಕೊಕ್ಕೆಯ ಜಾಗದಲ್ಲಿ ಎತ್ತಿ ಎಳೆದರೆ ಮಾತ್ರ ತೆರೆಯುವ ಚಿಲಕ ಬಂತು. ಮೊಟ್ಟೆಗಳನ್ನು ಬೆಳಗ್ಗೆ ಒಮ್ಮೆ, ಮಧ್ಯಾಹ್ನ ಒಮ್ಮೆ ಎತ್ತುವುದು, ಬುಟ್ಟಿಗಳನ್ನು ಗೂಡಿನೊಳಕ್ಕೆ ಸೇರಿಸುವುದು ಎಂದು ಮಾತಾಯಿತು.

ಮಿನುಗುವ ದೀಪ, ಸದ್ದು ಮಾಡುವ ಯಂತ್ರ, ಬೆದರುಗೊಂಬೆ ಇವುಗಳ ಬಗ್ಗೆಯೂ ಕೇಳಿದರು. ಚಲನೆಗೆ ಹೊತ್ತಿಕೊಳ್ಳುವ ದೀಪ ಮೊದಮೊದಲು ಹೆದರಿಸುತ್ತದೆ, ಅಪಾಯವಿಲ್ಲವೆಂದು ಪ್ರಾಣಿಗೆ ತಿಳಿದ ಮೇಲೆ ಅದರ ಬೆಳಕಿನಲ್ಲೇ ಬರುತ್ತದೆ. ಜಾಗ ಬದಲಿಸುತ್ತಿದ್ದರೆ ಸ್ವಲ್ಪ ಕಾಲ ಪ್ರಯೋಜನ ಉಂಟು. ಜಾಲರಿಯ ಕೆಲಸ ಮುಗಿಯುವವರೆಗಿನ ತಾತ್ಕಾಲಿಕ ಉಪಾಯವಾಗಿ ಮಾತ್ರ ನಾನು ಇವನ್ನು ಒಪ್ಪುತ್ತೇನೆ.

ಗಾಯಗೊಂಡ ಎರಡು ಹೇಂಟೆಗಳನ್ನು ಮೊದಲು ಬೇರೆ ಮಾಡಿದೆವು. ರಕ್ತ ಕಂಡರೆ ಉಳಿದ ಕೋಳಿಗಳೇ ಗಾಯವನ್ನು ಕುಕ್ಕಿ ದೊಡ್ಡದು ಮಾಡುತ್ತವೆ. ಸುತ್ತಲಿನ ಗರಿ ಕತ್ತರಿಸಿ, ಉಪ್ಪುನೀರಿನಿಂದ ತೊಳೆದು, ಪೊವಿಡೋನ್ ಅಯೋಡಿನ್ ಹಚ್ಚಿ ಪಶುವೈದ್ಯರಿಗೆ ತೋರಿಸಿದೆವು. ಹಲ್ಲಿನ ಗಾಯ ಮೇಲೆ ಸಣ್ಣದಾಗಿ ಕಂಡರೂ ಒಳಗೆ ಆಳವಾಗಿರುತ್ತದೆ. ಪ್ರಾಣಿಗಳ ಬಾಯಲ್ಲಿ ಪಾಶ್ಚುರೆಲ್ಲಾದಂತಹ ಬ್ಯಾಕ್ಟೀರಿಯಾ ಇರುವುದರಿಂದ ತಡಮಾಡಿದರೆ ಗಾಯಕ್ಕಿಂತ ಸೋಂಕೇ ಕೊಲ್ಲುತ್ತದೆ. ಇಲ್ಲಿ ಒಂದು ಚೇತರಿಸಿಕೊಂಡಿತು, ಇನ್ನೊಂದು ಉಳಿಯಲಿಲ್ಲ.

ಆಮೇಲೆ

ಹೊಸ ಜಾಲರಿ ಹಾಕಿದ ಮೇಲೆ ಗೂಡಿನೊಳಗೆ ಒಂದು ಕೋಳಿಯೂ ಸತ್ತಿಲ್ಲ. ಆದರೆ ಕೋಳಿಗಳು ಬಹಳ ದಿನ ಆ ಗೂಡಿಗೆ ತಾವಾಗಿ ಹೋಗಲಿಲ್ಲ. ಸಂಜೆಯಾದರೆ ಬಾಗಿಲಿನ ಮುಂದೆ ನಿಂತು ಒಳಗೆ ನೋಡಿ ಹಿಂದೆ ಸರಿಯುತ್ತಿದ್ದವು. ಮನೆಯಾಕೆ ಒಂದೊಂದನ್ನೇ ಎತ್ತಿ ಗಳದ ಮೇಲೆ ಕೂರಿಸಬೇಕಾಯಿತು. ಮೊಟ್ಟೆಯೂ ಕೆಲವು ವಾರ ನಿಂತುಹೋಗಿತ್ತು. ದಾಳಿಯ ನಂತರ ಇದು ಸಹಜ, ರೋಗವೆಂದು ಗಾಬರಿಯಾಗಬೇಕಿಲ್ಲ. ಬೆದರಿಕೆ ಇಳಿದಂತೆ ಒಂದೊಂದಾಗಿ ಮತ್ತೆ ಇಡತೊಡಗಿದವು.

ಪುನುಗು ಬೆಕ್ಕು ಕ್ಯಾಮೆರಾದಲ್ಲಿ ಈಗಲೂ ಕಾಣುತ್ತದೆ. ಗೋಡೆಯ ಅಂಚಿನಲ್ಲಿ ನಡೆದು ಜಾಲರಿಯನ್ನು ಮೂಸಿ, ಮರಕ್ಕೆ ಹಿಂತಿರುಗುತ್ತದೆ. ಮುಂಗುಸಿಯೂ ಬೇಲಿಯಾಚೆ ಓಡಾಡಿಕೊಂಡಿದೆ. ಹೆಗ್ಗಣದ ಹೊಸ ಬಿಲ ಆಗಾಗ ಕಾಣಿಸಿಕೊಳ್ಳುತ್ತದೆ, ಮುಚ್ಚುವ ಕೆಲಸ ಮುಗಿದಿಲ್ಲ, ಮುಗಿಯುವ ಕೆಲಸವೂ ಅಲ್ಲ.

ಬಗೆಹರಿಯದೆ ಉಳಿದಿರುವುದು ಆಕಾಶ. ಮುಂದಿನ ಸಂಸಾರದ ಮರಿಗಳಲ್ಲಿ ಒಂದನ್ನು ನಡುಹಗಲಿನಲ್ಲಿ ಗಿಡುಗ ಎತ್ತಿಕೊಂಡು ಹೋಯಿತು. ಮರಿಗಳು ಮೇಯುವ ಭಾಗಕ್ಕೆ ಮೇಲೆ ಬಲೆ ಕಟ್ಟಲು, ಅಂಗಳದ ಉಳಿದ ಕಡೆ ಅವಿತುಕೊಳ್ಳಲು ತಗ್ಗಾದ ಪೊದೆಗಳನ್ನು ಬೆಳೆಸಲು ಹೇಳಿದ್ದೇನೆ. ಪೊದೆ ಬೆಳೆಯುವವರೆಗೆ, ರೆಕ್ಕೆಗರಿ ಪೂರ್ತಿ ಮೂಡದ ಮರಿಗಳನ್ನು ಬಲೆಯ ಹೊರಗೆ ಬಿಡುವುದಿಲ್ಲ ಎಂದು ಮನೆಯಾಕೆ ತೀರ್ಮಾನಿಸಿದ್ದಾರೆ.